ಸಿಲ್ವರ್ ಡಿಪ್ ಮತ್ತು ಅಸಿಟೋನ್: ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಬಳಸಿ ಬರೆದ ವಿಮರ್ಶೆ

ಬೆಳ್ಳಿಯ ದೀಪ, ತಟ್ಟೆ, ಕುಂಕುಮಭರಣಿಗಳನ್ನು ಬೆಳಗುವುದಕ್ಕೆಂದು ಪಾತ್ರೆ ಅಂಗಡಿಗಳಲ್ಲಿಯೂ ಆನ್‌ಲೈನ್ ಮಳಿಗೆಗಳಲ್ಲಿಯೂ ಮಾರಾಟವಾಗುವ ಸಿಲ್ವರ್ ಡಿಪ್ ದ್ರಾವಣವನ್ನು ಈಗ ನಾಣ್ಯಸಂಗ್ರಾಹಕರೂ ಕೊಳ್ಳುತ್ತಿದ್ದಾರೆ. ಕಪ್ಪಿಟ್ಟ ಬೆಳ್ಳಿಯನ್ನು ಉಜ್ಜದೆ, ತಿಕ್ಕದೆ, ಬರಿಯ ಅದ್ದಿ ತೆಗೆಯುವುದರಿಂದಲೇ ಹೊಸದರಂತೆ ಮಾಡುವುದಾಗಿ ಅದರ ಲೇಬಲ್ಲು ಹೇಳುತ್ತದೆ, ಮತ್ತು ಆ ಮಾತು ನಿಜ. ಪೂಜೆಯ ಪಾತ್ರೆಗಳ ಮಟ್ಟಿಗೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಮಾನು. ಆದರೆ ಸಂಗ್ರಹಕ್ಕೆ ಯೋಗ್ಯವಾದ ನಾಣ್ಯವೊಂದಕ್ಕೆ ಅದನ್ನು ನಾನು ಶಿಫಾರಸು ಮಾಡಲಾರೆ. ಹೊಳಪನ್ನು ತರಿಸುವ ಅದೇ ಕ್ರಿಯೆ ನಾಣ್ಯದ ಮೈಯಿಂದ ಮತ್ತೆಂದೂ ಮರಳಿ ಬಾರದ ಅಂಶವೊಂದನ್ನು ಕರಗಿಸಿಬಿಡುತ್ತದೆ. ಸಂಗ್ರಾಹಕನ ಕಪಾಟಿನಲ್ಲಿ ಇರಬೇಕಾದ ಬಾಟಲಿ ಬೇರೆಯದೇ ಆಗಿದೆ. ಅದು ಜಿಡ್ಡು, ಅಂಟುಗಳನ್ನು ಕರಗಿಸುವ ದ್ರವವಾದ ಶುದ್ಧ ಅಸಿಟೋನ್. ಈ ಎರಡನ್ನೂ ಬ್ರಿಟಿಷ್ ಇಂಡಿಯಾ ಕಾಲದ, ಅಪರೂಪವಲ್ಲದ, ಹೆಚ್ಚುಕಡಿಮೆ ಲೋಹದ ಬೆಲೆಗೇ ಸಿಗುವ ರೂಪಾಯಿಗಳ ಮೇಲೆ ಬಳಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ಮುಂಚೆಯೂ ನಂತರವೂ ನೋಡಿ ಬರೆದ ವಿಮರ್ಶೆ ಇದು.

ಡಿಪ್ ದ್ರಾವಣದ ಹುರುಳು ಥಯೋಯೂರಿಯಾ ಎಂಬ ರಾಸಾಯನಿಕ ಮತ್ತು ಒಂದು ಆಮ್ಲ. ಅದು ಏನನ್ನು ತೆಗೆಯುತ್ತದೆ ಎಂಬುದು ತಿಳಿಯಬೇಕಾದರೆ ನಾಣ್ಯ ಕಪ್ಪಾಗುವ ಬಗೆಯನ್ನು ತಿಳಿಯಬೇಕು. ಗಾಳಿಯಲ್ಲಿರುವ ಅತ್ಯಲ್ಪ ಪ್ರಮಾಣದ ಗಂಧಕದ ಅನಿಲಗಳು, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಬೆಳ್ಳಿಯೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಪದರವನ್ನು ಕಟ್ಟುತ್ತವೆ. ರಟ್ಟು, ರಬ್ಬರು, ಉಣ್ಣೆ, ಅಗ್ಗದ ಕಂದು ಕಾಗದ ಮುಂತಾದವು ಈ ಗಂಧಕವನ್ನು ಹತ್ತಿರದಿಂದಲೇ ಒದಗಿಸುತ್ತವೆ, ತೇವವು ಕೆಲಸವನ್ನು ಚುರುಕುಗೊಳಿಸುತ್ತದೆ. ಪದರ ಇನ್ನೂ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತ ತೆಳುವಾಗಿರುವಾಗಲೇ, ಅದರ ಮೇಲ್ಮೈಯಿಂದಲೂ ಕೆಳಗಿನ ಲೋಹದಿಂದಲೂ ಹಿಂದಿರುಗುವ ಬೆಳಕು ಒಂದರೊಡನೊಂದು ಬೆರೆತು ಬಣ್ಣಗಳು ಹುಟ್ಟುತ್ತವೆ: ಮೊದಲು ತಿಳಿಹೊನ್ನು, ಆಮೇಲೆ ಜೇನಿನ ಬಣ್ಣ, ಕೆಂಗಂದು, ನೇರಳೆ, ನೀಲಿ, ಮತ್ತೆ ತಿಳಿನೀಲಿ ಮತ್ತು ಹಳದಿ, ಕಡೆಗೆ ಪದರ ದಪ್ಪವಾದಾಗ ಬೂದು ಮತ್ತು ಕಪ್ಪು. ಸಂಗ್ರಾಹಕರು ಟೋನಿಂಗ್ ಎನ್ನುವುದು ಇದನ್ನೇ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಈ ಪದರದಲ್ಲಿರುವ ಬೆಳ್ಳಿ ನಾಣ್ಯದ್ದೇ ಬೆಳ್ಳಿ. ಅದು ಹೊರಗಿನಿಂದ ಬಂದು ಕೂತ ಕೊಳೆಯಾಗಿರದೆ ನಾಣ್ಯದ ಮೈಯೇ ಬದಲಾಗಿ ಆದ ಪದರವಾದ್ದರಿಂದ, ಡಿಪ್ ಅದನ್ನು ಕರಗಿಸಿದಾಗ ನಾಣ್ಯದ ಅತ್ಯಂತ ಮೇಲಿನ ಚರ್ಮವೇ ದ್ರಾವಣದೊಳಗೆ ಹೋಗುತ್ತದೆ.

ತಟ್ಟೆಗೆ ಆ ಚರ್ಮ ಹೋದರೆ ನಷ್ಟವಿಲ್ಲ. ಟಂಕಸಾಲೆಯಲ್ಲಿ ಅಚ್ಚು ಬಿದ್ದ ನಾಣ್ಯದ ಮಾತು ಬೇರೆ. ಅಚ್ಚಿನ ಒತ್ತಡಕ್ಕೆ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುವಾಗ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಮೇಲ್ಮೈಯಲ್ಲಿ ಉಳಿಯುತ್ತವೆ, ಮತ್ತು ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ತಿರುಗಿಸಿದಾಗ ಗಾಡಿಯ ಚಕ್ರದ ಅರಗಳಂತೆ ಸುತ್ತುವ ಬೆಳಕಿನ ಪಟ್ಟೆಗಳು ಆ ಗೆರೆಗಳಿಂದಲೇ ಬರುತ್ತವೆ. ಚಲಾವಣೆಗೆ ಹೋಗದ ನಾಣ್ಯದ ಬೆಲೆ ನಿಂತಿರುವುದು ಈ ಲಸ್ಟರಿನ ಮೇಲೆ. 1919ರ ಐದನೆಯ ಜಾರ್ಜ್ ರೂಪಾಯಿಯೊಂದು, ಅಂಚಿನಲ್ಲಿ ಹೊನ್ನಿನ ಉಂಗುರವೂ ನಡುವೆ ತುಂಬು ಲಸ್ಟರೂ ಇದ್ದದ್ದು, ನನ್ನ ಪರೀಕ್ಷೆಗೆ ಒಳಗಾಯಿತು. ಡಿಸ್ಟಿಲ್ಡ್ ವಾಟರಿನಲ್ಲಿ ತೆಳುಮಾಡಿದ ಡಿಪ್‌ನಲ್ಲಿ ಎರಡು ಕ್ಷಣ ಅದ್ದಿದೊಡನೆ ಕೊಳೆತ ಮೊಟ್ಟೆಯ ವಾಸನೆ ಎದ್ದು, ಹೊನ್ನಿನ ಉಂಗುರ ಮಾಯವಾಯಿತು. ಬೆಳಕಿನ ಪಟ್ಟೆಗಳು ಉಳಿದವು, ಆದರೆ ಅವುಗಳ ಚೂಪು ಸ್ವಲ್ಪ ಮಂದವಾಗಿತ್ತು. ಲೇಬಲ್ಲು ಹೇಳುವಂತೆ ತೆಳುಮಾಡದ ದ್ರಾವಣದಲ್ಲಿ ಹದಿನೈದು ಸೆಕೆಂಡು ಇಟ್ಟಾಗ ಪಟ್ಟೆಗಳು ಒಡೆದು, ಮೈ ತುಂಬ ಸುಣ್ಣ ಬಳಿದ ಗೋಡೆಯ ಬಿಳುಪು ಆವರಿಸಿತು. ತೂಕದಲ್ಲಿ ಮನೆಯ ತಕ್ಕಡಿ ತೋರಿಸುವಂಥ ವ್ಯತ್ಯಾಸವೇನೂ ಇಲ್ಲ, ಅಕ್ಷರಗಳೂ ಹಾಗೆಯೇ ಇವೆ. ಆದರೂ ನೂರು ವರ್ಷ ದಾಟಿ ಬಂದ ಟಂಕಸಾಲೆಯ ಮೈ ಅಲ್ಲಿಲ್ಲ, ಮತ್ತು ಅದನ್ನು ಮತ್ತೆ ತರಬಲ್ಲ ದ್ರಾವಣ ಯಾವ ಅಂಗಡಿಯಲ್ಲಿಯೂ ಇಲ್ಲ.

ಆ ಕಾಲದ ರೂಪಾಯಿಗಳ ವಿಷಯದಲ್ಲಿ ನನಗೆ ಒಂದು ವಿಶೇಷ ಮಮತೆಯಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಭಾರತದಲ್ಲಿ ಬೆಳ್ಳಿಯ ಕೊರತೆ ಬಿದ್ದಾಗ ಅಮೆರಿಕವು 1918ರ ಪಿಟ್‌ಮನ್ ಕಾಯಿದೆಯ ಮೇರೆಗೆ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು, ಅದರಲ್ಲಿ ಬಹುಪಾಲು ಇಲ್ಲಿನ ಟಂಕಸಾಲೆಗಳಿಗಾಗಿ ಬ್ರಿಟನ್ನಿನ ಕೈ ಸೇರಿತು. ಆ ಬೆಳ್ಳಿ ಸೇರಿಕೊಂಡಿರಬಹುದಾದ ರೂಪಾಯಿಯ ಮೈಯನ್ನು ಹದಿನೈದು ಸೆಕೆಂಡಿನಲ್ಲಿ ಕರಗಿಸುವುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಸವೆದ ನಾಣ್ಯದಲ್ಲಿ ಕಳೆದುಕೊಳ್ಳುವುದಕ್ಕೆ ಲಸ್ಟರೇ ಇಲ್ಲವಲ್ಲ, ಅದ್ದಿದರೇನು ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ 1917ರ ಒಂದು ರೂಪಾಯಿಯಲ್ಲಿ ಸಿಕ್ಕಿತು. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆಯಿದೆ. 1911ರ ಮೊದಲ ರೂಪಾಯಿಯಲ್ಲಿ ಆನೆಯ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡದ್ದರಿಂದ ಆಕ್ಷೇಪವೆದ್ದು, ಹೊರಗೆ ಹೋಗದೆ ಉಳಿದಿದ್ದ ನಾಣ್ಯಗಳನ್ನು ಕರಗಿಸಿ, ಮರುವರ್ಷದಿಂದ ಆನೆಯ ರೂಪವನ್ನು ತಿದ್ದಲಾಯಿತು. ಸಂಗ್ರಾಹಕರು ಇಂದಿಗೂ ಅದನ್ನು ಪಿಗ್ ರೂಪಾಯಿ ಎಂದೇ ಕರೆಯುತ್ತಾರೆ. ನನ್ನ 1917ರ ನಾಣ್ಯದಲ್ಲಿ ಆನೆಯ ಬೆನ್ನು ಸವೆದು ನುಣ್ಣಗಾಗಿದ್ದರೂ, ಅದರ ಸುತ್ತಣ ತಗ್ಗಿನಲ್ಲಿ ಕೂತಿದ್ದ ಕರಿಬೂದು ಪದರದಿಂದಾಗಿ ಸೊಂಡಿಲೂ ಕಾಲೂ ಗೆರೆ ಎಳೆದಂತೆ ಎದ್ದು ಕಾಣುತ್ತಿದ್ದವು. ಡಿಪ್‌ನಿಂದ ತೆಗೆದು ನೋಡಿದರೆ ಆನೆಯಿದ್ದ ಜಾಗದಲ್ಲಿ ಒಂದು ಬಿಳಿ ಉಬ್ಬು ಮಾತ್ರ ಇತ್ತು. ಕಿರೀಟದ ಕಲ್ಲುಗಳೂ, ಹಿಂಬದಿಯ ಹೂಬಳ್ಳಿಯ ದಳಗಳೂ ಅದೇ ರೀತಿ ಚಪ್ಪಟೆಯಾಗಿ ಕಂಡವು. ತಗ್ಗಿನ ಕಪ್ಪೂ ಉಬ್ಬಿನ ಬಿಳುಪೂ ಸೇರಿದರೇ ಸವೆದ ನಾಣ್ಯದ ಚಿತ್ರ ಓದಲು ಬರುವುದು. ಅಲ್ಲದೆ ಸವೆದ ಮೈಗೆ ಸಹಜವಾಗಿರುವ ಮೆತ್ತನೆಯ ಬೂದು ಬಣ್ಣ ಹೋಗಿ ಹೊಸ ಪಾತ್ರೆಯ ಬಿಳುಪು ಬಂದಾಗ, ಅನುಭವವುಳ್ಳ ವ್ಯಾಪಾರಿ ಒಂದು ಮೊಳ ದೂರದಿಂದಲೇ ಕ್ಲೀನ್ ಮಾಡಿದ ನಾಣ್ಯವೆಂದು ಗುರುತಿಸುತ್ತಾನೆ.

1940ರಿಂದ ಈಚಿನ ಬೆಳ್ಳಿ ರೂಪಾಯಿಗಳಲ್ಲಿ ಫಲಿತಾಂಶ ಇನ್ನೂ ಕೆಟ್ಟದು. ಅಲ್ಲಿಯವರೆಗಿನ ರೂಪಾಯಿಗಳು ಒಂದು ತೊಲ, ಅಂದರೆ 11.66 ಗ್ರಾಂ ತೂಕವಿದ್ದು ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯದಾಗಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದು, ಉಳಿದದ್ದು ತಾಮ್ರ ನೂರಕ್ಕೆ 40, ನಿಕ್ಕಲ್ 5, ಸತು 5 ಎಂದಾಯಿತು. 1944ರ ಆರನೆಯ ಜಾರ್ಜ್ ರೂಪಾಯಿಯನ್ನು ಅದ್ದಿದಾಗ ಮೈ ಒಂದೇ ಸಮನಾಗಿ ಬೆಳ್ಳಗಾಗದೆ ಅಲ್ಲಲ್ಲಿ ಮಂಕು ನಸುಗೆಂಪು ಮಚ್ಚೆಗಳು ಉಳಿದವು. ಈ ವರ್ಗದ ನಾಣ್ಯಗಳಿಗೆ ಡಿಪ್ ಹತ್ತಿರವೂ ಸುಳಿಯಬಾರದು.

ಇನ್ನು ಬಳಸಿದ ನಂತರದ ಪಾಡು. ದ್ರಾವಣದ ಶೇಷ ಅಕ್ಷರಗಳ ಬುಡದಲ್ಲಿಯೂ ಅಂಚಿನ ಹಲ್ಲುಗಳ ನಡುವೆಯೂ ಸಿಕ್ಕಿಕೊಂಡರೆ, ಕೆಲವು ತಿಂಗಳಲ್ಲಿ ಅಲ್ಲಿಂದಲೇ ಹಳದಿ ಮತ್ತು ಕೊಳಕು ಕಂದು ಕಲೆಗಳು ಹೊರಡುತ್ತವೆ, ಮತ್ತು ಅವು ಸಹಜ ಟೋನಿಂಗ್‌ನ ಹಾಗೆ ಹದವಾಗಿ ಹರಡದೆ ತೊಟ್ಟಿಕ್ಕಿದ ಗುರುತುಗಳಾಗಿ ನಿಲ್ಲುತ್ತವೆ. ನಲ್ಲಿಯ ನೀರಿನಲ್ಲಿ ತೊಳೆಯಿರಿ ಎಂದಷ್ಟೇ ಹೇಳುವ ಲೇಬಲ್ಲಿನ ಮೇಲೆ ನನ್ನ ಆಕ್ಷೇಪವಿರುವುದು ಈ ಕಾರಣಕ್ಕೆ. ನಲ್ಲಿಯ ನೀರಿನ ಕ್ಲೋರೈಡುಗಳು ಬೆಳ್ಳಿಯ ಮೇಲೆ ತಮ್ಮದೇ ಕಲೆಗಳನ್ನು ಬಿಡಬಲ್ಲವು. ಹರಿಯುವ ನೀರಿನ ನಂತರ ಡಿಸ್ಟಿಲ್ಡ್ ವಾಟರಿನಲ್ಲಿ ಹಲವು ಬಾರಿ ಜಾಲಾಡುವುದು ಅನಿವಾರ್ಯ. ನಾನು ಕೊಂಡ ಬಾಟಲಿಯ ಮೇಲೆ ಥಯೋಯೂರಿಯಾದ ಹೆಸರಾಗಲಿ, ಕೈಗವಸು ಹಾಕಿಕೊಳ್ಳಬೇಕೆಂಬ ಸೂಚನೆಯಾಗಲಿ ಓದಲು ಬರುವ ಅಳತೆಯ ಅಕ್ಷರದಲ್ಲಿ ಇರಲಿಲ್ಲ. ಥಯೋಯೂರಿಯಾ ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆಯಿರುವ ವಸ್ತುವಾದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡುವಂತಿಲ್ಲ. ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ಬರಿಗೈಯಲ್ಲಿ ಈ ದ್ರಾವಣವನ್ನು ಬಳಸುವ ಮನೆಗಳು ಎಷ್ಟಿವೆಯೋ ಎಂದು ಯೋಚಿಸಿದರೆ ಆತಂಕವಾಗುತ್ತದೆ.

ಡಿಪ್‌ಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತಿದೆ. ಚಲಾವಣೆಯಾಗದ ನಾಣ್ಯವೊಂದು ಕಲೆ ಕಲೆಯಾಗಿ ಕಪ್ಪಿಟ್ಟು, ಆ ಕಪ್ಪು ಇನ್ನೂ ಬೆಳೆಯುತ್ತಿದ್ದರೆ, ವೃತ್ತಿಪರ ಸಂರಕ್ಷಕರು ಬಹಳ ತೆಳುವಾದ ದ್ರಾವಣದಲ್ಲಿ ಕ್ಷಣಮಾತ್ರ ಅದ್ದಿ ತೆಗೆಯುವುದುಂಟು. ಅಂಥ ನಾಣ್ಯವನ್ನು ಆರಿಸುವುದಕ್ಕೆ ಬೇಕಾದ ಕಣ್ಣು ನೂರಾರು ನಾಣ್ಯಗಳನ್ನು ನೋಡಿದ ಮೇಲೆ ಬರತಕ್ಕದ್ದು. ದಪ್ಪ ಪದರದ ಕೆಳಗೆ ಲಸ್ಟರ್ ಆಗಲೇ ತಿಂದುಹೋಗಿದ್ದರೆ, ಕಪ್ಪು ತೆಗೆದಾಗ ಸಿಗುವುದು ಕೊರೆದ ಮೈ ಮಾತ್ರ.

ಮನೆಮದ್ದುಗಳ ವಿಷಯ ಬೇಗ ಮುಗಿಸಬಹುದು, ಏಕೆಂದರೆ ಅವುಗಳಲ್ಲಿ ಒಂದೂ ಡಿಪ್‌ಗಿಂತ ಮೇಲಲ್ಲ. ನಮ್ಮ ಕಡೆ ವರಮಹಾಲಕ್ಷ್ಮಿ ಹಬ್ಬಕ್ಕೂ ದೀಪಾವಳಿಯ ಲಕ್ಷ್ಮೀಪೂಜೆಗೂ ಕಲಶದ ಮುಂದೆ ಇಡುವ ರಾಣಿ ಛಾಪು, ರಾಜ ಛಾಪಿನ ರೂಪಾಯಿಗಳನ್ನು ವಿಭೂತಿ, ಹಲ್ಲುಪುಡಿ ಅಥವಾ ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುವ ರೂಢಿ ತಲೆಮಾರುಗಳಿಂದ ಬಂದಿದೆ, ಮತ್ತು ಪೂಜೆಯ ನಾಣ್ಯವಾಗಿಯೇ ಉಳಿಯುವುದಾದರೆ ಅದರಲ್ಲಿ ತಪ್ಪೇನೂ ಇಲ್ಲ. ಬೆಳ್ಳಿ ಮೆತ್ತನೆಯ ಲೋಹ. ಪುಡಿಯ ಕಣಗಳು ಅದರ ಮೇಲೆ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯ ಗೀರುಗಳನ್ನು ಬಿಡುತ್ತವೆ, ಲೂಪಿನಲ್ಲಿ ಅವು ಮೊದಲ ನೋಟಕ್ಕೇ ಸಿಗುತ್ತವೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನ ವಿಧಾನವು ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿ ತಿರುಗಿಸುತ್ತದೆಂಬುದು ರಸಾಯನಶಾಸ್ತ್ರದ ಪ್ರಕಾರ ಸರಿಯಾದರೂ, ಹಾಗೆ ಮರಳಿದ ಬೆಳ್ಳಿ ಟಂಕಸಾಲೆಯ ಗೆರೆಗಳಾಗಿ ಕೂರದೆ ಮಂಕಾದ ಸಡಿಲ ಪದರವಾಗಿ ನಿಲ್ಲುತ್ತದೆ. ಇನ್ನು ಆಭರಣದ ಅಂಗಡಿಯ ಪಾಲಿಶ್ ಸೇವೆಯಂತೂ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಬಫಿಂಗ್ ಚಕ್ರಕ್ಕೆ ಕೊಟ್ಟ ನಾಣ್ಯದ ಅಕ್ಷರಗಳ ಅಂಚೇ ದುಂಡಗಾಗಿಬಿಡುತ್ತದೆ.

ಇದರ ಬೆಲೆ ಹಣದಲ್ಲಿಯೂ ತೆರಬೇಕಾಗುತ್ತದೆ. ಈಗ ನಮ್ಮ ಸಂಗ್ರಾಹಕರೂ ತಮ್ಮ ಉತ್ತಮ ನಾಣ್ಯಗಳನ್ನು ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳ ಗ್ರೇಡಿಂಗ್‌ಗೆ ಕಳಿಸುತ್ತಾರೆ. ಅಲ್ಲಿ 1ರಿಂದ 70ರವರೆಗಿನ ಅಂಕ ಸಿಗಬೇಕಾದ ನಾಣ್ಯ, ಕ್ಲೀನ್ ಮಾಡಿದ್ದೆಂದು ತೀರ್ಮಾನವಾದರೆ, ಅಂಕವಿಲ್ಲದೆ ಡೀಟೇಲ್ಸ್ ಎಂಬ ಷರಾದೊಡನೆ ಹಿಂದಿರುಗುತ್ತದೆ. ಬಣ್ಣ ಸಹಜವಲ್ಲವೆಂಬ ಸಂದೇಹಕ್ಕೂ ಪ್ರತ್ಯೇಕ ಷರಾ ಇದೆ. ಅಂಥ ನಾಣ್ಯವನ್ನು ಮಾರಲು ಹೊರಟವನಿಗೆ ಸಾಮಾನ್ಯವಾಗಿ ಅಂಕ ಪಡೆದ ಅದೇ ಮಟ್ಟದ ನಾಣ್ಯಕ್ಕಿಂತ ಗಣನೀಯವಾಗಿ ಕಡಿಮೆ ಬೆಲೆ ಬರುತ್ತದೆ.

ಸಹಜವಲ್ಲದ ಬಣ್ಣದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಒಳ್ಳೆಯ ಟೋನಿಂಗ್ ಇರುವ ನಾಣ್ಯಕ್ಕೆ ಬೇಡಿಕೆ ಹೆಚ್ಚಿದಂತೆ, ಡಿಪ್ ಹಾಕಿ ಬೋಳುಮಾಡಿದ ನಾಣ್ಯಕ್ಕೆ ಮತ್ತೆ ಬಣ್ಣ ಕಟ್ಟಿ ಮಾರುವ ಕೆಲಸವೂ ನಡೆಯುತ್ತಿದೆ. ಬೇಯಿಸಿದ ಮೊಟ್ಟೆಯ ಹಳದಿಯೊಡನೆ ಡಬ್ಬಿಯಲ್ಲಿ ಮುಚ್ಚಿಡುವುದರಿಂದ ಹಿಡಿದು ಪೊಟ್ಯಾಸಿಯಂ ಸಲ್ಫೈಡಿನ ದ್ರಾವಣ ಹಾಗೂ ಶಾಖದವರೆಗೆ ಇದಕ್ಕೆ ದಾರಿಗಳಿವೆ. ಕೊಳ್ಳುವವರು ನೋಡಬೇಕಾದದ್ದು ಬಣ್ಣಗಳ ಅನುಕ್ರಮವನ್ನು. ಪದರ ಮೆಲ್ಲಗೆ ದಪ್ಪವಾದ ನಾಣ್ಯದಲ್ಲಿ ಹೊನ್ನು, ಕೆಂಗಂದು, ನೇರಳೆ, ನೀಲಿ ಒಂದರ ಪಕ್ಕದಲ್ಲೊಂದು ಆ ಸಾಲಿನಲ್ಲಿಯೇ ಬರುತ್ತವೆ, ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ, ಮತ್ತು ಅಕ್ಷರಗಳ ಮಗ್ಗುಲಲ್ಲಿ ಗಾಳಿ ತಾಗದ ಕಡೆ ತೆಳುವಾಗುತ್ತವೆ. ಓರೆಯಾಗಿ ಹಿಡಿದರೆ ಬಣ್ಣದ ಒಳಗಿನಿಂದಲೇ ಲಸ್ಟರಿನ ಪಟ್ಟೆಗಳು ಹಾಯುತ್ತವೆ. ಅವಸರದಲ್ಲಿ ಕಟ್ಟಿದ ಬಣ್ಣದಲ್ಲಿ ಹೊನ್ನಿನ ಹಂತವೇ ಇಲ್ಲದೆ ನೇರವಾಗಿ ಢಾಳಾದ ನೀಲಿ, ನೇರಳೆಗಳು ಮೇಲೆ ತೇಲುವಂತೆ ಇರುತ್ತವೆ, ಮತ್ತು ಹಳೆಯ ಗೀರುಗಳ ಒಳಗೂ ಅದೇ ಬಣ್ಣ ಒಂದೇ ಸಮ ತುಂಬಿರುತ್ತದೆ. ನಮ್ಮಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲೋ ಬಟ್ಟೆಯ ಗಂಟಿನಲ್ಲೋ ಉಳಿದು ಬಂದ ರೂಪಾಯಿಗಳ ಬಣ್ಣ ಹೆಚ್ಚಾಗಿ ಸಾದಾ ಬೂದು. ಕಾಮನಬಿಲ್ಲಿನ ಬಣ್ಣದ, ತೀರ ಸವೆದ ರೂಪಾಯಿಯನ್ನು ಯಾರಾದರೂ ಹೆಚ್ಚು ಬೆಲೆಗೆ ತೋರಿಸಿದರೆ ಕೊಳ್ಳದಿರುವುದೇ ಕ್ಷೇಮ.

ಅಸಿಟೋನಿನ ವಿಷಯಕ್ಕೆ ಬಂದಾಗ ನನಗೆ ಹೊಗಳಿಕೆಯಲ್ಲಿ ಜಿಪುಣತನ ಬೇಕೆನಿಸುವುದಿಲ್ಲ. ಅದು ಬೆಳ್ಳಿಯೊಡನಾಗಲಿ ಸಿಲ್ವರ್ ಸಲ್ಫೈಡಿನೊಡನಾಗಲಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಲಸ್ಟರೂ ಟೋನಿಂಗೂ ಇದ್ದಂತೆಯೇ ಇರುತ್ತವೆ, ಹೊರಗಿನಿಂದ ಬಂದು ಕೂತದ್ದಷ್ಟೇ ಹೋಗುತ್ತದೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಅರ್ಧ ಲೀಟರ್ ಬಾಟಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುವಾಸನೆ, ಎಣ್ಣೆ, ಬಣ್ಣಗಳು ಬೆರೆತಿರುವುದರಿಂದ ಅದನ್ನು ಬಳಸಕೂಡದು. ಪೂಜೆಯಲ್ಲಿದ್ದ ನಾಣ್ಯಗಳ ಮೇಲೆ ಇದರ ಕೆಲಸ ನೋಡುವಂತಿರುತ್ತದೆ: ಅರಿಶಿನದ ಬಣ್ಣ ಅಸಿಟೋನಿನಲ್ಲಿ ಕರಗುವಂಥದ್ದಾದ್ದರಿಂದ, ಗಾಜಿನ ಬಟ್ಟಲಿನ ತಳದಲ್ಲಿ ಮಲಗಿಸಿದ ನಾಣ್ಯದ ಅಕ್ಷರಗಳ ಸಂದಿನಿಂದ ಹಳದಿ ಎಳೆಗಳು ಮೆಲ್ಲಗೆ ಬಿಚ್ಚಿಕೊಂಡು ದ್ರವಕ್ಕೆ ಇಳಿಯುತ್ತವೆ, ಜಿಡ್ಡು ಸಡಿಲಾಗುತ್ತದೆ, ಅಂಟುಪಟ್ಟಿಯ ಗೋಂದು ಉಬ್ಬಿ ಬಿಟ್ಟುಕೊಳ್ಳುತ್ತದೆ. ಹಾಗೆ ತೆಗೆದ ರೂಪಾಯಿಯೊಂದರಲ್ಲಿ ಹಿಂಬದಿಯ ಕೆಳತುದಿಯ ತಾವರೆಯ ಬಳಿ ಮೆತ್ತಿಕೊಂಡಿದ್ದ ಕುಂಕುಮದ ಕೆಳಗಿನಿಂದ ಮುಂಬಯಿ ಟಂಕಸಾಲೆಯ ಗುರುತಾದ ಸಣ್ಣ ಚುಕ್ಕೆ ಹೊರಬಿತ್ತು, ಸುತ್ತಣ ಬೂದು ಬಣ್ಣ ಸ್ವಲ್ಪವೂ ಕದಲಿರಲಿಲ್ಲ.

ಬಳಸುವ ಕ್ರಮ ಸರಳ, ಆದರೆ ಎಚ್ಚರ ಬೇಕು. ಪ್ಲಾಸ್ಟಿಕ್ಕನ್ನು ಅಸಿಟೋನ್ ಕರಗಿಸಬಹುದಾದ್ದರಿಂದ ಗಾಜಿನ ಪಾತ್ರೆಯೇ ಆಗಬೇಕು. ಮೊದಲ ಬಟ್ಟಲಿನಲ್ಲಿ ಬಿಟ್ಟ ಜಿಡ್ಡು ದ್ರವ ಆರುವಾಗ ಮತ್ತೆ ನಾಣ್ಯದ ಮೇಲೆಯೇ ಕೂರುವುದರಿಂದ ಎರಡನೆಯ, ಮೂರನೆಯ ಬಟ್ಟಲಿನ ಹೊಸ ಅಸಿಟೋನಿನಲ್ಲಿ ಜಾಲಾಡಿಸಿ, ಅಂಚನ್ನು ಹಿಡಿದು ಎತ್ತಿ, ಒರೆಸದೆ, ತಾನಾಗಿ ಆರಲು ಬಿಡಬೇಕು. ಅದು ಕೆಲವೇ ಕ್ಷಣಗಳ ಕೆಲಸ. ಎಷ್ಟೇ ಮೆತ್ತನೆಯ ಹತ್ತಿಯಿಂದಲೂ ಉಜ್ಜಕೂಡದು. ಇದರ ಆವಿ ಬೇಗ ಬೆಂಕಿ ಹಿಡಿಯುತ್ತದೆ. ದೇವರ ಮನೆಯ ದೀಪ, ಗ್ಯಾಸ್ ಒಲೆಗಳಿಂದ ದೂರವಾಗಿ, ಕಿಟಕಿ ತೆರೆದ ಕೋಣೆಯಲ್ಲಿ ಮಾತ್ರ ಬಾಟಲಿಯ ಮುಚ್ಚಳ ತೆಗೆಯಬೇಕು.

ಕಪ್ಪನ್ನು ಇದು ತೆಗೆಯುವುದಿಲ್ಲ. ತೆಗೆಯಬೇಕೆಂಬ ನಿರೀಕ್ಷೆಯಿಂದ ಕೊಂಡವರು ನಿರಾಶರಾಗುತ್ತಾರೆ. ನೆಲದಲ್ಲಿ ಹೂತಿದ್ದು ಸಿಕ್ಕ ನಾಣ್ಯಗಳ ಗಟ್ಟಿ ಪೊರೆಯನ್ನೂ ಇದು ಅಲುಗಿಸದು. ಶ್ರೀರಂಗಪಟ್ಟಣದ ಟಂಕಸಾಲೆಯ ಟಿಪ್ಪುವಿನ ಇಮಾಮಿ ರೂಪಾಯಿಗಳಂಥ, ಕೈಯಿಂದ ಅಚ್ಚೊತ್ತಿದ ನಾಣ್ಯಗಳಲ್ಲಿ ಪಾರಸಿ ಅಕ್ಷರಗಳೂ ಬಲದಿಂದ ಎಡಕ್ಕೆ ಓದಬೇಕಾದ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷದ ಅಂಕಿಗಳೂ ತಗ್ಗಿನ ಕಪ್ಪಿನಿಂದಲೇ ಸ್ಪಷ್ಟವಾಗುತ್ತವೆ. ಅವುಗಳ ಮೇಲಿನ ಜಿಡ್ಡಿಗೆ ಅಸಿಟೋನ್ ಸಾಕು, ಅದಕ್ಕಿಂತ ಹೆಚ್ಚಿನದು ಬೇಕೆನಿಸಿದರೆ ಲೋಹಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು.

ಶುಚಿಮಾಡಿದ ನಾಣ್ಯ ಮತ್ತೆ ಎಲ್ಲಿಗೆ ಹೋಗುತ್ತದೆ ಎಂಬುದೂ ಈ ಖರೀದಿಯ ಭಾಗವೇ. ಅಗ್ಗದ ಆಲ್ಬಂಗಳ ಮೆತ್ತನೆಯ, ಮಡಿಸಿದರೆ ಬಾಗುವ, ವಾಸನೆಯುಳ್ಳ ಹಾಳೆಗಳು ಬಹುಮಟ್ಟಿಗೆ ಪಿವಿಸಿಯವು. ವರ್ಷಗಳು ಕಳೆದಂತೆ ಅವುಗಳಿಂದ ಒಸರುವ ಅಂಶಗಳು ನಾಣ್ಯದ ಮೇಲೆ ಹಸಿರು ಅಂಟಾಗಿ ನಿಂತು, ಬಿಟ್ಟರೆ ಲೋಹವನ್ನೇ ತಿನ್ನುತ್ತವೆ. ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಕಿಟಕಿಯುಳ್ಳ, ಗಂಧಕವಿಲ್ಲದ ರಟ್ಟಿನ ಹೋಲ್ಡರು ಅಥವಾ ಅಕ್ರಿಲಿಕ್ ಕ್ಯಾಪ್ಸೂಲು, ಜೊತೆಗೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಮಳೆಗಾಲದಲ್ಲಿಯೂ ನಿಶ್ಚಿಂತೆಯಿಂದ ಇರಬಹುದು. ಕೈಯಲ್ಲಿರುವ ಹಾಳೆ ಯಾವುದರದೆಂಬ ಸಂದೇಹವಿದ್ದರೆ, ತಾಮ್ರದ ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಾಳೆಯ ಮೂಲೆಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿಯಬೇಕು, ಆದರೆ ಅಸಿಟೋನಿನ ಬಾಟಲಿ ಇನ್ನೊಂದು ಕೋಣೆಯಲ್ಲಿರಬೇಕು ಮತ್ತು ಹೊಗೆಯನ್ನು ಉಸಿರಾಡಬಾರದು. ಜ್ವಾಲೆ ಹಸಿರಾದರೆ ಹಾಳೆಯಲ್ಲಿ ಕ್ಲೋರಿನ್ ಇದೆ, ಅಂದರೆ ಅದು ಪಿವಿಸಿಯೇ ಇರಬೇಕು. ಆ ಆಲ್ಬಮ್ಮಿನಲ್ಲಿದ್ದ ಅಷ್ಟೂ ನಾಣ್ಯಗಳನ್ನು, ಹಸಿರು ಇನ್ನೂ ಕಾಣಿಸದಿದ್ದವನ್ನೂ ಸೇರಿಸಿ, ಅಸಿಟೋನಿನಲ್ಲಿ ಜಾಲಾಡಿಸಿದ ನಂತರವೇ ಹೊಸ ಹೋಲ್ಡರುಗಳಿಗೆ ಹಾಕಬೇಕು.